ಬೋರ್ಡು ಯಾರದು, ಬೀರು ಯಾರದು: ಒಂದು ಸಾಫ್ಟ್‌ವೇರ್ ಕವಲೊಡೆದ ಕತೆ



ಪೋಸ್ಟ್ ಉದ್ದ ಇದೆ. ಊಟ ಮುಗಿಸಿ ಪುರುಸೊತ್ತಾಗಿ ಓದಿ. ಅರ್ಧ ಓದಿ ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ, ಬರೋದಾದ್ರೆ ಪೂರ್ತಿ ಓದಿ ಬನ್ನಿ.

ಹದಿನೈದು ದಿನದಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ. "ಅಣ್ಣ, ನೀವು ಯಾವ ಕಡೆ?" ನಮ್ಮ ತಾಲ್ಲೂಕು ಸಮಿತಿ ಒಡೆಯೋ ಹಂತಕ್ಕೆ ಬಂದಿರೋದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಹೆಸರು ಬೇಡ, ಯಾರ ಮಾನವನ್ನೂ ಹರಾಜು ಹಾಕೋಕೆ ನಾನಿಲ್ಲಿ ಕೂತಿಲ್ಲ. ಒಂದು ಕಡೆಯವರ ಹತ್ರ ರಿಜಿಸ್ಟ್ರೇಷನ್ ಸರ್ಟಿಫಿಕೇಟು, ಸೀಲು, ರಸೀದಿ ಪುಸ್ತಕ, ಬೀರುವಿನ ಬೀಗದ ಕೈ ಇದೆ. ಇನ್ನೊಂದು ಕಡೆಯವರ ಹತ್ರ ಓಡಾಡೋ ಹುಡುಗರಿದ್ದಾರೆ, ಫೇಸ್‌ಬುಕ್ ಪೇಜಿನ ಪಾಸ್‌ವರ್ಡ್ ಇದೆ. ಇಬ್ಬರೂ ನಮ್ಮವರೇ. ಇಬ್ಬರ ಮನೆಯಲ್ಲೂ ನಾನು ಉಂಡಿದ್ದೀನಿ.

ಯಾವ ಕಡೆ ಅಂತ ಹೇಳೋ ಮುಂಚೆ ಒಂದು ಕತೆ ಹೇಳ್ತೀನಿ. ಜರ್ಮನಿಯಲ್ಲಿ ಶುರುವಾಗಿ, ಅಮೆರಿಕದವರ ಕೈಗೆ ಹೋಗಿ, ಆಮೇಲೆ ತನ್ನ ಜನರ ಜೊತೆ ಮನೆ ಬಿಟ್ಟು ಹೊರಟ ಒಂದು ಸಾಫ್ಟ್‌ವೇರಿನ ಕತೆ. ನಾನು ದಿನಾ ಆಫೀಸಲ್ಲಿ ಟಿಪ್ಪಣಿ, ನಡಾವಳಿ, ಜ್ಞಾಪನ ಎಲ್ಲ ಟೈಪ್ ಮಾಡೋದು ಅದರಲ್ಲೇ. ಲಿಬ್ರೆಆಫೀಸ್.

ನಮ್ಮ ಸೆಕ್ಷನ್ನಿಗೆ ಅದು ಬಂದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ಹಳೆ ಕಂಪ್ಯೂಟರು, ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರಿಗೆ ಅನುದಾನ ಇಲ್ಲ, ರಿಪೇರಿ ಹುಡುಗ ಬಂದು "ಸಾರ್ ಇದು ಫ್ರೀ" ಅಂತ ಹಾಕಿ ಹೋದ. ಪಕ್ಕದ ಟೇಬಲ್ಲಿನ ಮೇಡಮ್ಮಿನ ಕಂಪ್ಯೂಟರಲ್ಲಿ ಓಪನ್‌ಆಫೀಸ್ ಅಂತ ಇತ್ತು. ನೋಡೋಕೆ ಎರಡೂ ಒಂದೇ ತಾಯಿ ಮಕ್ಕಳ ಥರ. ನನ್ನ ಫೈಲು ಅವರಲ್ಲಿ ತೆರೆಯುತ್ತೆ, ಅವರದು ನನ್ನಲ್ಲಿ. ಹಾಗಾದ್ರೆ ಎರಡು ಯಾಕೆ? ನಾನು ಬಿ.ಎ. ಓದಿದೋನು, ಇತಿಹಾಸ ನನ್ನ ಮೇಜರ್. ಎರಡು ಒಂದೇ ಥರ ಕಂಡರೆ ಯಾವಾಗ ಬೇರೆಯಾದವು ಅಂತ ಕೇಳೋ ಚಟ ಬಿಟ್ಟಿಲ್ಲ. ಕೆದಕ್ತಾ ಹೋದೆ.

1985ರಲ್ಲಿ ಜರ್ಮನಿಯ ಲ್ಯೂನೆಬುರ್ಗ್ ಅನ್ನೋ ಊರಲ್ಲಿ ಮಾರ್ಕೊ ಬೊರೀಸ್ ಅನ್ನೋ ಹದಿನಾರು ವರ್ಷದ ಹುಡುಗ ಸ್ಟಾರ್ ಡಿವಿಷನ್ ಅಂತ ಕಂಪನಿ ಶುರು ಮಾಡಿದ. ಪತ್ರ ಟೈಪ್ ಮಾಡೋ ಸಾಫ್ಟ್‌ವೇರು ಅವರ ಸರಕು. ಅದೇ ಬೆಳೆದು ಸ್ಟಾರ್‌ಆಫೀಸ್ ಆಯ್ತು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅದನ್ನ ಕೊಂಡುಕೊಂಡಿತು. ಯಾಕೆ ಕೊಂಡರು ಅನ್ನೋದಕ್ಕೆ ಸನ್‌ನಲ್ಲೇ ಕೆಲಸ ಮಾಡಿದ್ದ ಸೈಮನ್ ಫಿಪ್ಸ್ ಆಮೇಲೆ ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಸನ್‌ನಲ್ಲಿ ಹತ್ತಿರ ಹತ್ತಿರ 42 ಸಾವಿರ ನೌಕರರಿದ್ದರಂತೆ. ಅಷ್ಟೂ ಜನಕ್ಕೆ ಮೈಕ್ರೋಸಾಫ್ಟ್ ಲೈಸೆನ್ಸ್ ಕೊಳ್ಳೋದಕ್ಕಿಂತ ಇಂಥದೊಂದು ಕಂಪನಿಯನ್ನೇ ಕೊಳ್ಳೋದು ಅಗ್ಗವಾಗಿತ್ತಂತೆ. ನಮ್ಮ ಆಫೀಸಿನ ಕಾರಣವೂ ಅದೇ ನೋಡಿ, ಸೊನ್ನೆಗಳು ಮಾತ್ರ ಹೆಚ್ಚು ಕಡಿಮೆ.

2000ದಲ್ಲಿ ಸನ್ ಅದರ ಸೋರ್ಸ್ ಕೋಡನ್ನ ಜನರ ಮುಂದೆ ಇಟ್ಟಿತು. ಸೋರ್ಸ್ ಕೋಡ್ ಅಂದ್ರೆ ಆ ಸಾಫ್ಟ್‌ವೇರ್ ಏನೇನು ಮಾಡಬೇಕು, ಹೇಗೆ ಮಾಡಬೇಕು ಅಂತ ಮನುಷ್ಯರು ಓದೋ ಥರ ಬರೆದಿಟ್ಟ ಆದೇಶಗಳ ದೊಡ್ಡ ಕಟ್ಟು. ಸಾಮಾನ್ಯವಾಗಿ ಕಂಪನಿಗಳು ಇದನ್ನ ತಿಜೋರಿಯಲ್ಲಿ ಇಡುತ್ತವೆ. ಇಲ್ಲಿ ತೆರೆದಿಟ್ಟರು. ಓಪನ್‌ಆಫೀಸ್.ಆರ್ಗ್ ಅಂತ ಹೆಸರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು. ಹಂಚುವಾಗ ನೀವು ತಿದ್ದಿದ್ದನ್ನೂ ತೆರೆದಿಡಬೇಕು. ಆ ಲೈಸೆನ್ಸಿನ ತಿರುಳು ಇಷ್ಟು.

ಇದರ ಹಿಂದೆ ಇನ್ನೊಬ್ಬ ಮನುಷ್ಯನ ಹಟ ಇದೆ. ರಿಚರ್ಡ್ ಸ್ಟಾಲ್‌ಮನ್ ಅಂತ. 1983ರಲ್ಲಿ ಗ್ನೂ ಅನ್ನೋ ಯೋಜನೆ ಘೋಷಿಸಿ, ಸಾಫ್ಟ್‌ವೇರನ್ನ ಬಳಸೋ, ಓದೋ, ತಿದ್ದೋ, ಹಂಚೋ ಹಕ್ಕು ಬಳಸುವವನಿಗೇ ಇರಬೇಕು ಅಂತ ಹೊರಟೋನು. ಅವನ ಎಲ್ಲ ಮಾತಿಗೂ ನಾನು ಹೆಬ್ಬೆಟ್ಟು ಒತ್ತಲ್ಲ, ಅದು ಬೇರೆ ವಿಷಯ. ಆದ್ರೆ ಈ ಹಕ್ಕುಗಳ ಒಳಗೇ ಒಂದು ಇನ್ನೊಂದು ಹಕ್ಕು ಅಡಗಿದೆ: ನಡೆಸುವವರು ಸರಿ ಇಲ್ಲ ಅನ್ನಿಸಿದರೆ ಇಡೀ ಕಟ್ಟನ್ನ ನಕಲು ಮಾಡಿಕೊಂಡು ಹೊರಗೆ ಹೋಗಿ ಬೇರೆ ನಡೆಸೋ ಹಕ್ಕು. ಅದಕ್ಕೇ ಅವರು ಫೋರ್ಕ್ ಅಂತಾರೆ. ನಮ್ಮ ಮಾತಲ್ಲಿ ಕವಲು.

ಮನೆ ಪಾಲಾದ್ರೆ ಹಸು ಒಬ್ಬರಿಗೆ ಹೋದ್ರೆ ಇನ್ನೊಬ್ಬರಿಗೆ ಇಲ್ಲ. ಇಲ್ಲಿ ಹಾಗಲ್ಲ, ಹಸು ಎರಡೂ ಕಡೆ ಪೂರ್ತಿ ಇರುತ್ತೆ. ಹಾಗಾದ್ರೆ ಜಗಳ ಯಾತಕ್ಕೆ? ಅಲ್ಲೇ ಇರೋದು ಮಜ. ನಕಲು ಮಾಡೋಕೆ ಆಗದೆ ಇರೋವು ಕೆಲವಿವೆ: ಹೆಸರು, ಜನ, ಜನರ ನಂಬಿಕೆ, ಕೆಲಸಕ್ಕೆ ಸಂಬಳ ಕೊಡೋ ಕೈ.

ಸನ್ ಕಾಲಕ್ಕೆ ವಾಪಸ್ ಬರೋಣ. ಕೋಡ್ ತೆರೆದಿಟ್ಟಾಗಲೇ ಸನ್ ಒಂದು ಮಾತು ಕೊಟ್ಟಿತ್ತು. ಮುಂದೆ ಇದನ್ನ ಒಂದು ಸ್ವತಂತ್ರ ಪ್ರತಿಷ್ಠಾನ ನಡೆಸುತ್ತೆ ಅಂತ. ಹತ್ತು ವರ್ಷ ಕಳೆದರೂ ಆ ಪ್ರತಿಷ್ಠಾನ ಬರಲಿಲ್ಲ. ಸಮುದಾಯ ಮಂಡಳಿ ಅಂತ ಒಂದಿತ್ತು, ಹೊರಗಿನ ಕಾರ್ಯಕರ್ತರೂ ಅದರಲ್ಲಿ ಕೂತಿದ್ದರು, ಮಾತಾಡಬಹುದಿತ್ತು. ಆದ್ರೆ ಹೆಸರಿನ ಟ್ರೇಡ್‌ಮಾರ್ಕ್ ಕಂಪನಿಯದು, ಸರ್ವರ್ ಕಂಪನಿಯದು, ಹೆಚ್ಚಿನ ಎಂಜಿನಿಯರುಗಳು ಕಂಪನಿ ಸಂಬಳದವರು. ಸಭೆಯಲ್ಲಿ ಕುರ್ಚಿ ಕೊಟ್ಟು ಬೀಗದ ಕೈ ಕೊಡದೆ ಇರೋದು ನಮಗೇನು ಹೊಸದಾ? ಎಷ್ಟು ಜಾಗೃತಿ ಸಮಿತಿಗಳಲ್ಲಿ ನಮ್ಮವರನ್ನ ಸದಸ್ಯರು ಅಂತ ಕೂರಿಸಿ, ಟೀ ಕೊಟ್ಟು, ಸಹಿ ತಗೊಂಡು ಕಳಿಸಿಲ್ಲ.

ಇದಕ್ಕಿಂತ ದೊಡ್ಡ ಕಗ್ಗಂಟು ಒಂದು ಪತ್ರದಲ್ಲಿತ್ತು. ಹೊರಗಿನ ಯಾರಾದರೂ ಕೋಡ್ ಬರೆದು ಕೊಟ್ಟರೆ ಮೊದಲು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು: ನಾನು ಬರೆದದ್ದರ ಕಾಪಿರೈಟಿನಲ್ಲಿ ಸನ್‌ಗೂ ಪಾಲಿದೆ ಅಂತ. ಅದರಿಂದ ಸನ್ ಏನು ಮಾಡಬಹುದಿತ್ತು ಅಂದ್ರೆ, ಅದೇ ಕೋಡನ್ನ ಸ್ಟಾರ್‌ಆಫೀಸ್ ಹೆಸರಲ್ಲಿ ಮುಚ್ಚಿದ ಡಬ್ಬಿಯಲ್ಲಿ ಮಾರಬಹುದಿತ್ತು, ಮಾರುತ್ತಲೂ ಇತ್ತು. ಹೊರಗಿನವನಿಗೆ ಆ ಸವಲತ್ತಿಲ್ಲ. ಗದ್ದೆಗೆ ಎಲ್ಲರೂ ಇಳಿಯಬಹುದು, ಪಹಣಿಯಲ್ಲಿ ಮಾತ್ರ ಒಬ್ಬರ ಹೆಸರು ಎಲ್ಲ ಸರ್ವೆ ನಂಬರಿನಲ್ಲೂ ಇರುತ್ತೆ ಅಂದ ಹಾಗೆ.

ಇದನ್ನ ಒಪ್ಪದವರು ಆಗಲೇ ಒಂದು ಕಳ್ಳದಾರಿ ಮಾಡಿಕೊಂಡಿದ್ದರು. ನೊವೆಲ್ ಅನ್ನೋ ಕಂಪನಿಯ ಮೈಕೆಲ್ ಮೀಕ್ಸ್ ಮುಂತಾದವರು ಗೋ-ಊ ಅಂತ ನಡೆಸ್ತಿದ್ದರು. ಸನ್ ಒಳಗೆ ಬಿಟ್ಟುಕೊಳ್ಳದ ತಿದ್ದುಪಡಿಗಳನ್ನೆಲ್ಲ ಪಕ್ಕದಲ್ಲಿ ಪೇರಿಸಿಟ್ಟು, ಪ್ರತಿ ಆವೃತ್ತಿ ಬಂದಾಗಲೂ ಅದರ ಮೇಲೆ ಹಚ್ಚಿ ಕೊಡೋದು. ಎಷ್ಟೋ ಲಿನಕ್ಸ್ ಬಳಸುವವರು ಓಪನ್‌ಆಫೀಸ್ ಅಂತ ತಿಳಿದು ಬಳಸ್ತಿದ್ದದ್ದು ಇದನ್ನೇ. ಅಂದ್ರೆ ಕವಲು ಒಡೆಯೋಕೆ ಮುಂಚೆಯೇ ಬಿರುಕು ಇತ್ತು. 2010ರಲ್ಲಿ ಆಕಾಶದಿಂದ ಬಿದ್ದದ್ದಲ್ಲ. ಸಂಘಟನೆ ಒಡೆದಾಗ ಕೊನೆ ಸಭೆಯಲ್ಲಿ ಕುರ್ಚಿ ಎತ್ತಿದವನ ಹೆಸರೇ ಎಲ್ಲರ ಬಾಯಲ್ಲಿ ಇರುತ್ತೆ. ಅದಕ್ಕೆ ಐದು ವರ್ಷ ಮುಂಚೆ ಲೆಕ್ಕ ಕೇಳಿದವನಿಗೆ ಯಾರು ಏನು ಉತ್ತರ ಕೊಟ್ಟರು ಅನ್ನೋದು ಯಾರಿಗೂ ನೆನಪಿರಲ್ಲ.

2009ರ ಏಪ್ರಿಲ್‌ನಲ್ಲಿ ಒರಾಕಲ್ ಕಂಪನಿ ಸನ್ ಅನ್ನ ಕೊಳ್ಳೋದಾಗಿ ಹೇಳಿತು. 7.4 ಬಿಲಿಯನ್ ಡಾಲರ್ ವ್ಯವಹಾರ. 2010ರ ಜನವರಿಯಲ್ಲಿ ಮುಗಿಯಿತು. ಜಮೀನು ಮಾರಿದಾಗ ಅದರ ಜೊತೆ ಜೀತದಾಳೂ ಹೋಗ್ತಿದ್ದ ಕಾಲ ನಮ್ಮ ಅಜ್ಜಂದಿರು ಕಂಡಿದ್ದಾರೆ. ಹಾಗೆ ಓಪನ್‌ಆಫೀಸ್ ಕೂಡ ಹೊಸ ಯಜಮಾನನ ಪಟ್ಟಿಗೆ ಸೇರಿತು. (ಹೋಲಿಕೆ ಅತಿಯಾಯ್ತು ಅನ್ನಬಹುದು. ಸಾಫ್ಟ್‌ವೇರ್ ಬರೆಯೋರು ಯಾರೂ ಜೀತದವರಲ್ಲ, ಬಹುತೇಕರು ಚೆನ್ನಾಗಿ ಉಂಡವರೇ. ಒಪ್ಪಿದೆ.) ಅದೇ ವರ್ಷ ಆಗಸ್ಟ್‌ನಲ್ಲಿ ಸನ್‌ನ ಇನ್ನೊಂದು ತೆರೆದ ಯೋಜನೆ ಓಪನ್‌ಸೋಲಾರಿಸ್ ಬಾಗಿಲನ್ನ ಒರಾಕಲ್ ಮುಚ್ಚಿತು. ಓಪನ್‌ಆಫೀಸಿನವರು ಅದನ್ನ ನೋಡ್ತಾ ಇದ್ದರು. ಮುಂದಿನ ಸರದಿ ನಮ್ಮದು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

2010ರ ಸೆಪ್ಟೆಂಬರ್ 28. ದಿ ಡಾಕ್ಯುಮೆಂಟ್ ಫೌಂಡೇಷನ್ ಅಂತ ಹೊಸ ಸಂಸ್ಥೆಯ ಘೋಷಣೆ. ಹತ್ತು ವರ್ಷದ ಹಿಂದೆ ಕೊಟ್ಟು ಮರೆತ ಮಾತನ್ನ ನಾವೇ ನಡೆಸಿಕೊಳ್ತೀವಿ ಅನ್ನೋದು ಅವರ ನಿಲುವು. ಇಲ್ಲಿ ಅವರು ಮಾಡಿದ ಒಂದು ಕೆಲಸ ಗಮನಿಸಿ. ಲಿಬ್ರೆಆಫೀಸ್ ಅನ್ನೋ ಹೆಸರು ತಾತ್ಕಾಲಿಕ ಅಂದರು. ಒರಾಕಲ್ಲಿಗೂ ಆಹ್ವಾನ ಕೊಟ್ಟರು: ನೀವೂ ಬನ್ನಿ, ಓಪನ್‌ಆಫೀಸ್ ಅನ್ನೋ ಹೆಸರನ್ನ ಈ ಪ್ರತಿಷ್ಠಾನಕ್ಕೆ ದಾನ ಕೊಡಿ, ಒಟ್ಟಿಗೇ ಇರೋಣ. ಬಾಗಿಲು ದಢಾರ್ ಅಂತ ಹಾಕಿ ಹೋಗಲಿಲ್ಲ.

ಒರಾಕಲ್ ಹೆಸರು ಕೊಡಲಿಲ್ಲ. ಅಕ್ಟೋಬರಿನಲ್ಲಿ ಹಳೆ ಸಮುದಾಯ ಮಂಡಳಿಯ ಸಭೆ ನಡೆಯಿತು. ಹೊಸ ಪ್ರತಿಷ್ಠಾನ ಸೇರಿದವರು ಇಲ್ಲೂ ಕೂತರೆ ಹಿತಾಸಕ್ತಿಯ ಘರ್ಷಣೆ ಆಗುತ್ತೆ, ಮಂಡಳಿ ಬಿಡಿ ಅಂದರು. ವರ್ಷಗಟ್ಟಲೆ ಬಿಟ್ಟಿ ದುಡಿದವರಿಗೆ ಈ ಮಾತು. ತಿಂಗಳ ಕೊನೆಗೆ ಜರ್ಮನ್ ಭಾಷೆಯ ಬಳಗದ 33 ಜನ ಪತ್ರ ಬರೆದಿಟ್ಟು ಹೊರಗೆ ಬಂದರು. ಅವರೆಲ್ಲ ಕೋಡ್ ಬರೆಯೋರಲ್ಲ. ಅನುವಾದ ಮಾಡೋರು, ಕೈಪಿಡಿ ಬರೆಯೋರು, ಮೇಳದಲ್ಲಿ ಟೇಬಲ್ ಹಾಕಿ ಸಿ.ಡಿ. ಹಂಚೋರು ಇಂಥವರ ಮೇಲೆ ಆ ಯೋಜನೆ ನಿಂತಿತ್ತು. ಸಂಘಟನೆಯಲ್ಲಿ ಗೋಡೆ ಬರಹ ಬರೆಯೋ ಹುಡುಗರು, ಜಮಖಾನ ಹಾಸೋರು ಎದ್ದು ಹೋದಾಗ ಏನಾಗುತ್ತೋ ಅದೇ.

ಹೊರಗೆ ಬಂದವರು ಗೆದ್ದದ್ದು ಬರೀ ಛಲದಿಂದ ಅಂತ ನಾನು ಹೇಳಲ್ಲ. ಹಾಗೆ ಹೇಳಿದ್ರೆ ನಮ್ಮ ಹುಡುಗರಿಗೆ ಸುಳ್ಳು ಧೈರ್ಯ ಕೊಟ್ಟ ಹಾಗೆ. ಮೊದಲ ದಿನವೇ ನೊವೆಲ್, ರೆಡ್ ಹ್ಯಾಟ್, ಕ್ಯಾನೊನಿಕಲ್, ಗೂಗಲ್ ಕಂಪನಿಗಳು ಬೆಂಬಲ ಹೇಳಿದ್ದವು. ನೊವೆಲ್, ರೆಡ್ ಹ್ಯಾಟ್‌ನಲ್ಲಿ ಸಂಬಳ ತಗೊಂಡು ಈ ಕೋಡ್ ಮೇಲೇ ದುಡಿಯುತ್ತಿದ್ದ ಎಂಜಿನಿಯರುಗಳು ಹಾಗೇ ಹೊಸ ಮನೆಗೆ ಬಂದರು. ಗೋ-ಊ ಪೇರಿಸಿಟ್ಟಿದ್ದ ತಿದ್ದುಪಡಿಗಳೆಲ್ಲ ಒಳಗೆ ಬಂದವು. 2011ರ ಜನವರಿ 25ಕ್ಕೆ ಲಿಬ್ರೆಆಫೀಸ್ 3.3 ಬಿಡುಗಡೆ. ಏಪ್ರಿಲ್‌ನಲ್ಲಿ ಬಂದ ಉಬುಂಟು 11.04ರಲ್ಲಿ ಓಪನ್‌ಆಫೀಸ್ ಜಾಗದಲ್ಲಿ ಲಿಬ್ರೆಆಫೀಸ್ ಕೂತಿತು. ಹೊರಟಾಗ ಕೈಯಲ್ಲಿ ಅನ್ನ ಇತ್ತು, ಕಾಲಡಿ ನೆಲ ಇತ್ತು. ಕೂಲಿ ಮಾಡೋ ನಮ್ಮ ಜನಕ್ಕೆ ಊರು ಬಿಟ್ಟು ಹೋಗೋ ಹಕ್ಕನ್ನ ಸಂವಿಧಾನ ಕೊಟ್ಟಿದೆ, ಬಸ್ ಚಾರ್ಜು ಮತ್ತು ಪಟ್ಟಣದಲ್ಲಿ ಬಾಡಿಗೆ ಮನೆ ಕೊಡೋರು ಬೇರೆ ಹುಡುಕಬೇಕು. ಕವಲೊಡೆಯೋ ಹಕ್ಕೂ ಹಾಗೇ.

ಅವರು ದುಡ್ಡು ಎತ್ತಿದ ರೀತಿ ಮಾತ್ರ ನನಗೆ ಇಷ್ಟ ಆಯ್ತು. ಜರ್ಮನಿಯಲ್ಲಿ ಪ್ರತಿಷ್ಠಾನ ನೋಂದಾಯಿಸೋಕೆ 50,000 ಯೂರೋ ಮೂಲಧನ ಬೇಕಿತ್ತು. 2011ರ ಫೆಬ್ರವರಿಯಲ್ಲಿ ಜನರನ್ನೇ ಕೇಳಿದರು. ಎಂಟು ದಿನದಲ್ಲಿ ಬಂತು. ನೋಂದಣಿ ಮುಗಿದದ್ದು 2012ರ ಫೆಬ್ರವರಿಯಲ್ಲಿ, ಬರ್ಲಿನ್‌ನಲ್ಲಿ. ಕಾನೂನಿನ ಕೆಲಸ ಅಲ್ಲೂ ವರ್ಷ ಹಿಡಿಯುತ್ತೆ ಅಂತ ತಿಳಿದು ಒಬ್ಬ ಗುಮಾಸ್ತನಾಗಿ ನನಗೆ ಸಮಾಧಾನ ಆಯ್ತು.

ಹೊಸ ಮನೆಗೆ ಅವರು ಬರೆದ ಬೈಲಾ ನೋಡಿ. ಯಾವ ನೋವಿನಿಂದ ಹೊರಗೆ ಬಂದರೋ ಆ ನೋವು ಒಂದೊಂದು ಸಾಲಲ್ಲೂ ಕಾಣುತ್ತೆ. ಕಾಪಿರೈಟ್ ಬರೆದುಕೊಡೋ ಪತ್ರ ಇಲ್ಲ. ಬರೆದದ್ದು ಬರೆದವನದೇ, ಈ ಲೈಸೆನ್ಸಿನಲ್ಲಿ ಹಂಚಲು ಒಪ್ಪಿಗೆ ಅಂತ ಹೇಳಿದರೆ ಸಾಕು. ಏಳು ಜನರ ಆಡಳಿತ ಮಂಡಳಿ, ಅದನ್ನ ಸದಸ್ಯರೇ ಮತ ಹಾಕಿ ಆರಿಸಬೇಕು. ಒಂದೇ ಕಂಪನಿಯವರು ಮಂಡಳಿಯಲ್ಲಿ ಮೂರನೇ ಒಂದು ಭಾಗ ಮೀರೋ ಹಾಗಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಸದಸ್ಯತ್ವ ಸಿಗಲ್ಲ, ಕೆಲಸ ಮಾಡಿರಬೇಕು. ಆ ಕೆಲಸ ಕೋಡೇ ಆಗಬೇಕಿಲ್ಲ. ಅನುವಾದ, ದಾಖಲೆ, ಪ್ರಚಾರ, ತಪ್ಪು ಹುಡುಕಿ ತಿಳಿಸೋದು, ಎಲ್ಲವೂ ಲೆಕ್ಕಕ್ಕಿದೆ. ಸದಸ್ಯತ್ವ ಜೀವನಪರ್ಯಂತ ಅಲ್ಲ, ಆಗಾಗ ನವೀಕರಿಸಬೇಕು. ಮೂಲೆಯಲ್ಲಿ ಕೂತು ಹಳೆ ಕತೆ ಹೇಳೋರಿಗೆ ಮತ ಇಲ್ಲ. ನಮ್ಮ ಸಮಿತಿಗೆ ಈ ಕೊನೆ ಕಲಂ ಹಾಕಿದ್ರೆ ನಾನೂ ಸೇರಿ ಎಷ್ಟು ಜನ ಹೊರಗೆ ಹೋಗ್ತೀವೋ.

ಒಂದು ಪದದ ಬಗ್ಗೆ ಮಾತ್ರ ಹೇಳಲೇಬೇಕು. ಈ ಎಲ್ಲ ಸಂಸ್ಥೆಗಳೂ ಹೆಮ್ಮೆಯಿಂದ ಹೇಳಿಕೊಳ್ಳೋದು ನಾವು ಮೆರಿಟಾಕ್ರಸಿ ಅಂತ. ಮೆರಿಟ್! ಆ ಪದ ಕೇಳಿದ್ರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತೆ. ಮಂಡಲ್ ಗಲಾಟೆ ನಡೆದಾಗ ನಾನು ಚಿಕ್ಕ ಹುಡುಗ. ಆಮೇಲೆ ಕಾಲೇಜಲ್ಲಿ, ಆಮೇಲೆ ನೌಕರಿಗೆ ಸೇರಿದ ಮೊದಲ ದಿನ, ಆ ಪದವನ್ನ ನನ್ನ ಮುಖಕ್ಕೆ ಎಸೆದವರಿದ್ದಾರೆ. ಅವರು ಹೇಳೋ ಅರ್ಥ ಬೇರೆ ಅಂತ ಗೊತ್ತು. ಕೆಲಸ ಮಾಡಿದವನಿಗೆ ಮಾತು ಅಂತ. ಆದ್ರೆ ಸಂಜೆ ಆರು ಗಂಟೆ ಮೇಲೆ ಬಿಟ್ಟಿ ಕೆಲಸ ಮಾಡೋಕೆ ಯಾರಿಗೆ ಸಮಯ ಇರುತ್ತೆ? ಮನೆಯಲ್ಲಿ ಕಂಪ್ಯೂಟರು, ಒಳ್ಳೆ ಇಂಗ್ಲಿಷು, ಅಡುಗೆ ಮಾಡಿಕೊಡೋ ಕೈ, ಇಷ್ಟು ಇದ್ದವನಿಗೆ. ಗಾರ್ಮೆಂಟ್ಸಿಂದ ಎಂಟಕ್ಕೆ ಮನೆಗೆ ಬರೋ ನನ್ನ ತಂಗಿಗೆ ಇರಲ್ಲ. ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದ ಹಾಗಲ್ಲ. ದೇವಸ್ಥಾನದ ಬಾಗಿಲಿಗೂ ಹಾಗೇ ಬೋರ್ಡ್ ಹಾಕಿರ್ತಾರೆ.

ಇದಕ್ಕೆ ಅವರು ಸ್ವಲ್ಪ ಮದ್ದು ಮಾಡಿದ್ದೂ ನಿಜ. ಲಿಬ್ರೆಆಫೀಸಿನವರು ಸುಲಭದ ಸಣ್ಣ ಸಣ್ಣ ಕೆಲಸಗಳನ್ನ ಪಟ್ಟಿ ಮಾಡಿ ಹೊಸಬರಿಗೆ ಎತ್ತಿಟ್ಟರು. ಈಸಿ ಹ್ಯಾಕ್ಸ್ ಅಂತ ಅದರ ಹೆಸರು. ಅಂಥ ಕೆಲಸದಲ್ಲಿ ಒಂದು ಜರ್ಮನ್ ಭಾಷೆಯ ಟಿಪ್ಪಣಿಗಳನ್ನ ಇಂಗ್ಲಿಷಿಗೆ ಮಾಡೋದು. ಸ್ಟಾರ್ ಡಿವಿಷನ್ ಕಾಲದ ಎಂಜಿನಿಯರುಗಳು ಕೋಡಿನ ಪಕ್ಕದಲ್ಲಿ ಜರ್ಮನ್‌ನಲ್ಲಿ ಷರಾ ಬರೆದಿಟ್ಟಿದ್ದರು. ಜರ್ಮನ್ ಬಾರದವನಿಗೆ ಆ ಸಾಲು ಯಾಕಿದೆ ಅಂತ ತಿಳಿಯೋ ಹಾಗಿಲ್ಲ. ಮೋಡಿ ಲಿಪಿಯ ಹಳೆ ಕಡತ ಸಿಕ್ಕಾಗ ನಮ್ಮ ರೆಕಾರ್ಡ್ ರೂಮಿನವರು ಒದ್ದಾಡೋ ಹಾಗೆ. ಓದಿದವರು ಓದದವರಿಗೆ ತಿಳಿಯೋ ಹಾಗೆ ಬರೆದಿಡೋದು ಕೂಡ ಆಡಳಿತವೇ.

ಇತ್ತ ಹಳೆ ಮನೆ ಕತೆ. 2011ರ ಏಪ್ರಿಲ್‌ನಲ್ಲಿ ಒರಾಕಲ್, ಇನ್ನು ಓಪನ್‌ಆಫೀಸಿನ ವ್ಯಾಪಾರ ನಡೆಸಲ್ಲ ಅಂದಿತು. ಹೊರಟವರು ಅಂದುಕೊಂಡರು, ಈಗಲಾದರೂ ಹೆಸರು ನಮಗೆ ಬರುತ್ತೆ ಅಂತ. ಜೂನ್‌ನಲ್ಲಿ ಒರಾಕಲ್ ಕೋಡು, ಹೆಸರು ಎರಡನ್ನೂ ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ನಿಗೆ ಕೊಟ್ಟಿತು. ಅಪಾಚೆ ಕೆಟ್ಟ ಸಂಸ್ಥೆಯೇನಲ್ಲ, ದೊಡ್ಡ ಹೆಸರು. ಐಬಿಎಂ ಕೂಡ ಆ ಕಡೆ ನಿಂತಿತು, ಅದಕ್ಕೆ ಅಪಾಚೆಯ ಲೈಸೆನ್ಸೇ ಅನುಕೂಲ. ಹೀಗೆ ಒಂದೇ ಕೋಡಿಗೆ ಎರಡು ಮನೆ ಗಟ್ಟಿಯಾದವು.

ಇಲ್ಲಿ ಲೈಸೆನ್ಸಿನ ಒಂದು ಸೂಕ್ಷ್ಮ ಇದೆ, ಇದನ್ನ ಮಾತ್ರ ನಿಧಾನಕ್ಕೆ ಓದಿ. ಅಪಾಚೆ ಲೈಸೆನ್ಸಿನ ಕೋಡನ್ನ ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಬಹುದು, ಮುಚ್ಚಿಟ್ಟೂ ಮಾರಬಹುದು. ಲಿಬ್ರೆಆಫೀಸಿನ ಲೈಸೆನ್ಸಿನಲ್ಲಿ ತಿದ್ದಿದ್ದನ್ನ ಮತ್ತೆ ತೆರೆದಿಡಬೇಕು ಅನ್ನೋ ಷರತ್ತಿದೆ. ಇದರ ಪರಿಣಾಮ ಏನು? ಅಪಾಚೆಯವರು ಮಾಡಿದ ಒಳ್ಳೆ ಕೆಲಸವನ್ನ ಲಿಬ್ರೆಆಫೀಸ್ ತಗೊಳ್ಳಬಹುದು. ಲಿಬ್ರೆಆಫೀಸಿನ ಕೆಲಸವನ್ನ ಅಪಾಚೆ ತನ್ನ ನಿಯಮದ ಪ್ರಕಾರ ತಗೊಳ್ಳೋಕೆ ಆಗಲ್ಲ. ನೀರು ಒಂದೇ ಕಡೆಗೆ ಹರಿಯೋ ಕಾಲುವೆ. ಕ್ರಮೇಣ ಜನವೂ ಅದೇ ಕಡೆ ಹರಿದರು. ಓಪನ್‌ಆಫೀಸ್ 4.1 ಬಂದದ್ದು 2014ರಲ್ಲಿ. ಆಮೇಲೆ 4.1ರ ಸಣ್ಣ ಸಣ್ಣ ರಿಪೇರಿಗಳಲ್ಲೇ ವರ್ಷಗಳು ಕಳೆದವು. 2016ರ ಸೆಪ್ಟೆಂಬರಿನಲ್ಲಿ ಆ ಯೋಜನೆಯ ಅಧ್ಯಕ್ಷರೇ, ಮುಚ್ಚಬೇಕಾಗಿ ಬಂದರೆ ಹೇಗೆ ಮುಚ್ಚಬೇಕು ಅನ್ನೋ ಚರ್ಚೆಯನ್ನ ತೆರೆದರು. ಭದ್ರತೆಯ ತೂತು ಮುಚ್ಚೋಕೂ ಕೈ ಸಾಲದ ಸ್ಥಿತಿ. ಮುಚ್ಚಲಿಲ್ಲ ಆದರೂ.

ಆದರೆ ಹೆಸರು ನೋಡಿ! 2014ರ ಹೊತ್ತಿಗೇ ಅಪಾಚೆ ಓಪನ್‌ಆಫೀಸನ್ನ ಇಳಿಸಿಕೊಂಡ ಲೆಕ್ಕ ಹತ್ತು ಕೋಟಿ ದಾಟಿತ್ತು. ಜನಕ್ಕೆ ಗೊತ್ತಿದ್ದದ್ದು ಹಳೆ ಬೋರ್ಡು. ಒಳಗೆ ಯಾರಿದ್ದಾರೆ ಅಂತ ಯಾರೂ ಇಣುಕಲ್ಲ. 2020ರ ಅಕ್ಟೋಬರಿನಲ್ಲಿ, ಓಪನ್‌ಆಫೀಸಿಗೆ ಇಪ್ಪತ್ತು ವರ್ಷ ಆದಾಗ ಡಾಕ್ಯುಮೆಂಟ್ ಫೌಂಡೇಷನ್ ಒಂದು ಬಹಿರಂಗ ಪತ್ರ ಬರೆಯಿತು. ನಿಮ್ಮ ಮನೆಗೆ ಬರೋರಿಗೆ ಪಕ್ಕದಲ್ಲಿ ಕೆಲಸ ನಡೆಯೋ ಮನೆ ಇದೆ ಅಂತ ದಯವಿಟ್ಟು ಹೇಳಿ, ಅನ್ನೋ ಧಾಟಿಯ ಪತ್ರ. ಹತ್ತು ವರ್ಷದ ಮೇಲೂ ಹೆಸರು ಕಳಕೊಂಡ ನೋವು ಆರಿರಲಿಲ್ಲ. ನಮ್ಮ ಪೇಜಿನ ಪಾಸ್‌ವರ್ಡ್ ಇಟ್ಟುಕೊಂಡ ತಮ್ಮಂದಿರು, ಸೀಲು ಇಟ್ಟುಕೊಂಡ ಹಿರಿಯರು ಇಬ್ಬರೂ ಈ ಪ್ಯಾರಾ ಎರಡು ಸಲ ಓದಿ.

ಎಲ್ಲ ಕವಲೂ ಹೀಗೇ ಮುಗಿಯಲ್ಲ. 1997ರಲ್ಲಿ ಗ್ನೂ ಯೋಜನೆಯ ಜಿಸಿಸಿ ಅನ್ನೋ ಕಂಪೈಲರ್ ಬಹಳ ನಿಧಾನ ಅಂತ ಕೆಲವರು ಇಜಿಸಿಎಸ್ ಅಂತ ಬೇರೆ ಹೋದರು. ಎರಡು ವರ್ಷದಲ್ಲಿ ಅವರದೇ ಚೆನ್ನಾಗಿ ನಡೀತು. 1999ರಲ್ಲಿ ಹಳೆ ಮನೆಯವರೇ, ಸರಿ, ಇನ್ನು ಮೇಲೆ ನೀವೇ ಜಿಸಿಸಿ ನಡೆಸಿ ಅಂತ ಹೆಸರು ಕೊಟ್ಟರು. ಮನೆ ಬಿಟ್ಟವರು ಮನೆ ಯಜಮಾನರಾಗಿ ವಾಪಸ್ ಬಂದರು. ಇನ್ನೊಂದು ಕಡೆ ಹಡ್ಸನ್ ಅನ್ನೋ ಯೋಜನೆ, ಅದೂ ಸನ್‌ನಿಂದ ಒರಾಕಲ್ಲಿಗೆ ಹೋದದ್ದೇ. ಹೆಸರಿನ ಹಕ್ಕು ನಮ್ಮದು ಅಂತ ಒರಾಕಲ್ ಪಟ್ಟು ಹಿಡಿದಾಗ ಅವರು ಕೂಗಾಡಲಿಲ್ಲ, 2011ರ ಜನವರಿಯಲ್ಲಿ ಮತಕ್ಕೆ ಹಾಕಿದರು. ಹೆಸರು ಬದಲಿಸೋಣ ಅಂದವರು 214, ಬೇಡ ಅಂದವರು 14. ಜೆಂಕಿನ್ಸ್ ಅಂತ ಹೊರಟರು, ಇವತ್ತು ಹಡ್ಸನ್ ಯಾರಿಗೂ ನೆನಪಿಲ್ಲ. ಮತ ಎಣಿಸಿ ಹೊರಟದ್ದರಿಂದ ಯಾರು ಎಷ್ಟು ಜನ ಅನ್ನೋ ವಾದವೇ ಆಮೇಲೆ ಬರಲಿಲ್ಲ. ನಮ್ಮಲ್ಲಿ ಎರಡೂ ಕಡೆಯವರು "ಬಹುಮತ ನಮ್ಮದು" ಅಂತಾರೆ, ಎಣಿಸಿದವರು ಯಾರೂ ಇಲ್ಲ.

ಕವಲೊಡೆದ ಮನೆಯಲ್ಲೂ ಜಗಳ ಬರುತ್ತೆ, ಅದನ್ನೂ ಮುಚ್ಚಿಡಬಾರದು. 2020ರಲ್ಲಿ ಲಿಬ್ರೆಆಫೀಸ್ 7.0 ಬಿಡುಗಡೆಗೆ ಮುಂಚೆ, ಪರೀಕ್ಷೆಗೆ ಬಿಟ್ಟ ಆವೃತ್ತಿಯಲ್ಲಿ "ಪರ್ಸನಲ್ ಎಡಿಷನ್" ಅನ್ನೋ ಪಟ್ಟಿ ಕಾಣಿಸಿಕೊಂಡಿತು. ಹಾಗಾದ್ರೆ ನಾಳೆ ಆಫೀಸಿಗೆ ದುಡ್ಡು ಕೇಳ್ತೀರಾ ಅಂತ ಜನ ಎದ್ದರು, ತೆಗೆದುಹಾಕಿದರು. ಅದೇ ವರ್ಷ ಕೊಲಾಬೊರಾ ಅನ್ನೋ ಕಂಪನಿ, ಬ್ರೌಸರಲ್ಲಿ ನಡೆಯೋ ಆವೃತ್ತಿಗೆ ಹೆಚ್ಚು ದುಡಿದದ್ದು ನಾವೇ, ನಾವು ಬೇರೆ ಜಾಗದಲ್ಲಿ ಮಾಡ್ಕೋತೀವಿ ಅಂತ ಆ ಭಾಗವನ್ನ ಹೊತ್ತುಕೊಂಡು ಹೋಯಿತು. ಕವಲಿಗೆ ಕವಲು. ದುಡಿದವರು ಯಾರು, ಉಂಡವರು ಯಾರು ಅನ್ನೋ ಲೆಕ್ಕ ಬೈಲಾದಿಂದ ಮಾತ್ರ ಮುಗಿಯಲ್ಲ ಅಂತ ಕಾಣುತ್ತೆ.

ಇಷ್ಟೆಲ್ಲ ಆದರೂ ನನ್ನಂಥ ಗುಮಾಸ್ತನಿಗೆ ಏನೂ ನಷ್ಟ ಆಗಲಿಲ್ಲ. ಯಾಕೆ ಗೊತ್ತಾ? ಫೈಲಿನ ರೂಪ ಯಾರೊಬ್ಬರದೂ ಆಗಿರಲಿಲ್ಲ. ಓಪನ್ ಡಾಕ್ಯುಮೆಂಟ್ ಅನ್ನೋ ಆ ಮಾದರಿ 2006ರಲ್ಲೇ ಐಎಸ್‌ಒ ಮಾನಕ ಆಗಿತ್ತು. ಮನೆ ಎರಡಾದರೂ ಕಾಗದ ಎರಡೂ ಕಡೆ ಓದಬಹುದು. ಇದರ ಬೆಲೆ ತಿಳಿಯಬೇಕಾದ್ರೆ ಹಳೆ ನುಡಿ ಫಾಂಟಲ್ಲಿ ಟೈಪ್ ಮಾಡಿದ ಒಂದು ಕಡತವನ್ನ ಯೂನಿಕೋಡ್ ಮಾತ್ರ ಇರೋ ಕಂಪ್ಯೂಟರಲ್ಲಿ ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಫಾಂಟ್ ಹೋಯಿತು ಅಂದ್ರೆ ಮಾತೂ ಹೋಯಿತು. ಹಾಗೆ ಓದಲಾಗದೆ ಹೋದ ಆದೇಶಗಳನ್ನ ಮತ್ತೆ ಟೈಪ್ ಮಾಡ್ತಾ ನಾನು ಎಷ್ಟು ಶನಿವಾರ ಕಳೆದಿದ್ದೀನೋ.

ಈಗ ನಮ್ಮ ಬೀರುವಿಗೆ ಬರ್ತೀನಿ.

ಸಮಿತಿ ಒಡೆದ್ರೆ ಆಕಾಶ ಬೀಳಲ್ಲ. ದಸಂಸ ಎಷ್ಟು ಬಣ ಆಯ್ತು, ರಿಪಬ್ಲಿಕನ್ ಪಾರ್ಟಿ ಎಷ್ಟು ಆಯ್ತು, ಎಲ್ಲ ಕಂಡಿದ್ದೀವಿ. ಒಡೆಯಬಾರದು ಅಂತ ಭಾಷಣ ಮಾಡೋಕೆ ನನಗೆ ಬಾಯಿಲ್ಲ, ಇಪ್ಪತ್ತು ವರ್ಷದ ಹಿಂದೆ ನಾನೂ ಒಂದು ಸಂಘ ಬಿಟ್ಟು ಬಂದೋನೇ. ಬಾಬಾಸಾಹೇಬರು 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಭಾಷಣದಲ್ಲಿ ಅದು ತಿದ್ದಿ ಇದು ತಿದ್ದಿ ಅಂದಾಗ ಒಂದಕ್ಷರ ತಿದ್ದಲಿಲ್ಲ. ಸಭೆ ರದ್ದಾಯ್ತು. ಅವರೇ ಸ್ವಂತ ದುಡ್ಡಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅವರ ವೇದಿಕೆ ಇಲ್ಲದಿದ್ದರೂ ಮಾತು ಜನಕ್ಕೆ ಮುಟ್ಟಿತು.

ಆ ಬೀರುವಿನಲ್ಲಿ ಹನ್ನೊಂದು ಮನೆಯವರ ಜಮೀನಿನ ಫೈಲುಗಳಿವೆ. ಎಲ್ಲ ದರಖಾಸ್ತಿನಲ್ಲಿ ಮಂಜೂರಾದ ಜಮೀನು, ಮೋಸಕ್ಕೆ ಬರೆಸಿಕೊಂಡದ್ದು. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ವಾಪಸ್ ಕೇಳಿ ಎ.ಸಿ. ಕೋರ್ಟಿನಲ್ಲಿ ಹಾಕಿರೋ ಕೇಸುಗಳು. ಮಂಜೂರಾತಿ ಸಾಗುವಳಿ ಚೀಟಿ, ಹಳೆ ಪಹಣಿ, ಕ್ರಯಪತ್ರದ ನಕಲು ಎಲ್ಲ ಅಲ್ಲೇ. ಒಬ್ಬ ಅಜ್ಜಿ ಮೊನ್ನೆ ನನ್ನ ಆಫೀಸ್ ಮೆಟ್ಟಿಲ ಮೇಲೆ ಕೂತಿದ್ದಳು. "ಅಪ್ಪಯ್ಯ, ನೀವ್ ಬೇರೆ ಆಗಿ, ಏನಾರ ಮಾಡ್ಕಳಿ. ನನ್ ಕಾಗ್ದ ಯಾರತ್ರ ಇರ್ತದೆ?" ಅಂದಳು. ಮುಂದಿನ ತಿಂಗಳು ಅವಳ ವಾಯಿದೆ. ಬೀಗದ ಕೈ ಒಬ್ಬರ ಹತ್ರ, ಯಾವ ಕಾಗದ ಯಾವ ಫೈಲಲ್ಲಿ ಅಂತ ಗೊತ್ತಿರೋ ಹುಡುಗ ಇನ್ನೊಬ್ಬರ ಕಡೆ.

ಅದಕ್ಕೆ ನಾನು ಯಾವ ಕಡೆ ಅಂತ ಕೇಳಿದವರಿಗೆ: ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಬೇಡ್ಕರ್ ಭವನಕ್ಕೆ ಬನ್ನಿ. ಸೀಲು, ಬೋರ್ಡು, ಪೇಜು ಯಾರಿಗೆ ಅನ್ನೋದನ್ನ ಆಮೇಲೆ ತಲೆ ಎಣಿಸಿ ತೀರ್ಮಾನ ಮಾಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಮೊದಲು ಬೀರು ತೆಗೆಯೋಣ. ಹನ್ನೊಂದು ಫೈಲಿಗೂ ಮೂರು ಮೂರು ಸೆಟ್ ಜೆರಾಕ್ಸ್ ಆಗಬೇಕು. ಒಂದು ಆ ಕಡೆಗೆ, ಒಂದು ಈ ಕಡೆಗೆ. ಮೂರನೇದು ಆಯಾ ಮನೆಯವರ ಕೈಗೆ, ಅಸಲು ಕಾಗದದ ಜೊತೆ. ಬಸ್ ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗಡಿಯವನಿಗೆ ಹೇಳಿದ್ದೀನಿ, ಭಾನುವಾರ ಬಾಗಿಲು ತೆಗೀತಾನೆ. ಖರ್ಚು ನನ್ನದು.

ಬೀಗದ ಕೈ ಇರೋ ಅಣ್ಣ, ಮರೀದೆ ತನ್ನಿ.

ಜೈಭೀಮ್.